ವಲಸೆ ಕುಟುಂಬಗಳ ಮಾನಸಿಕ ಆರೋಗ್ಯ ಮತ್ತು ಶಾಲಾ ಶುಶ್ರೂಷೆ

ಅಮೆರಿಕದಲ್ಲಿ ಶಾಲಾ ಶುಶ್ರೂಷೆಯು ಹುಟ್ಟಿದ್ದೇ ವಲಸೆಗಾರರ ಕೇರಿಗಳಲ್ಲಿ. ನ್ಯೂಯಾರ್ಕ್ ನಗರದಲ್ಲಿ ಟ್ರಕೋಮಾ, ಹುಳುಕಡ್ಡಿ, ಹೇನು ಮೊದಲಾದ ಕಾರಣಗಳಿಂದ ಸಾವಿರಾರು ಮಕ್ಕಳನ್ನು ಶಾಲೆಯಿಂದ ಹಿಂದೆ ಕಳುಹಿಸಲಾಗುತ್ತಿತ್ತು. ಪೂರ್ವ ಯುರೋಪ್ ಮತ್ತು ಇಟಲಿಗಳಿಂದ ಬಂದಿದ್ದ ಅನೇಕ ತಂದೆತಾಯಿಗಳಿಗೆ ಇಂಗ್ಲಿಷ್ ತಿಳಿಯದು. 1902ರ ಅಕ್ಟೋಬರಿನಲ್ಲಿ, ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್‌ನ ಸ್ಥಾಪಕಿ ಲಿಲಿಯನ್ ವಾಲ್ಡ್ ಅವರ ಪ್ರಯತ್ನದ ಫಲವಾಗಿ, ಲೀನಾ ರೋಜರ್ಸ್ ಎಂಬ ಶುಶ್ರೂಷಕಿಯನ್ನು ನಾಲ್ಕು ಶಾಲೆಗಳಿಗೆ ನೇಮಿಸಲಾಯಿತು. ಅವರು ಶಾಲೆಯಲ್ಲಿ ಚಿಕಿತ್ಸೆ ನೀಡಿ, ಅನಂತರ ಮನೆಗಳಿಗೂ ಹೋಗಿ ತಾಯಂದಿರಿಗೆ ಆರೈಕೆಯ ಕ್ರಮವನ್ನು ತೋರಿಸಿಕೊಟ್ಟರು. ಬೇರೆ ಶುಶ್ರೂಷಕಿಯರೂ ಸೇರಿದ ಬಳಿಕ, ಹಿಂದೆ ಕಳುಹಿಸಲ್ಪಟ್ಟ ಮಕ್ಕಳ ಸಂಖ್ಯೆ 1902ರ ಸೆಪ್ಟೆಂಬರಿನ 10,567ರಿಂದ 1903ರ ಸೆಪ್ಟೆಂಬರಿನಲ್ಲಿ 1,101ಕ್ಕೆ ಇಳಿಯಿತು.

ಅಂದು ಕಣ್ಣಿಗೆ ಕಾಣುವ ರೋಗವಿತ್ತು. ಇಂದು ಶುಶ್ರೂಷಕಿಯ ಮುಂದೆ ಬರುವ ನೋವು ಹಲವು ವೇಳೆ ಕಾಣದಂಥದು. ಹೊಟ್ಟೆನೋವು, ತಲೆನೋವು ಎಂದು ಪದೇಪದೇ ಬರುವ ಮಗುವಿನಲ್ಲಿ ದೈಹಿಕ ಕಾರಣ ದೊರೆಯದಿರಬಹುದು. ಅದರ ಹಿಂದೆ ಹೆತ್ತವರ ಅಗಲಿಕೆ, ನಿದ್ರಾಹೀನತೆ, ಗಡೀಪಾರಿನ ಭೀತಿ ಇರುವುದುಂಟು. ಮನೋವ್ಯಾಧಿಯನ್ನು ಕಳಂಕವೆಂದು ಭಾವಿಸುವ ಕುಟುಂಬಗಳಲ್ಲಿ ದೇಹದ ನೋವನ್ನು ಹೇಳಿಕೊಳ್ಳುವುದು ಸುಲಭ. ಮಂಡಿ ತರಚಿದವರೂ ಮನಸ್ಸು ನೊಂದವರೂ ಒಂದೇ ಬಾಗಿಲಿನಿಂದ ಬರುವುದರಿಂದ ಶುಶ್ರೂಷಕಿಯ ಕೊಠಡಿಗೆ ಆ ಕಳಂಕವಿಲ್ಲ. ಭೇಟಿಗಳ ದಿನ, ವೇಳೆಗಳನ್ನು ಗುರುತಿಸುವುದು, ಮಗುವಿನ ಮಾತನ್ನು ತಾಳ್ಮೆಯಿಂದ ಕೇಳುವುದು, ಅಗತ್ಯವಾದಾಗ ಆಪ್ತಸಲಹೆಗಾರರ ಬಳಿಗೆ ಕಳುಹಿಸುವುದು ಅವಳ ಕಾರ್ಯ. ಮನೆಯವರೊಡನೆ ಮಾತನಾಡುವಾಗ ಮಗುವನ್ನೇ ದುಭಾಷಿಯನ್ನಾಗಿ ಮಾಡಬಾರದು. ತಾಯಿಯ ದುಃಖವನ್ನು ಮಗು ತನ್ನ ಬಾಯಿಂದಲೇ ಹೇಳಬೇಕಾಗುತ್ತದೆ. ಮಗುವಿನ ಎದುರು ತಾಯಿಯೂ ಮುಖ್ಯವಾದುದನ್ನು ಮುಚ್ಚಿಡುತ್ತಾಳೆ.

ದಾಖಲೆಗಳಿಲ್ಲದ ಮಕ್ಕಳಿಗೂ ಉಚಿತ ಶಾಲಾಶಿಕ್ಷಣವನ್ನು ನಿರಾಕರಿಸುವಂತಿಲ್ಲವೆಂದು 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಶಾಲೆಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಯನ್ನು ಮಿತಿಗೊಳಿಸಿ 2011ರಿಂದ ಇದ್ದ ನಿರ್ದೇಶನಗಳನ್ನು 2025ರ ಜನವರಿಯಲ್ಲಿ ರದ್ದುಪಡಿಸಲಾಯಿತು. ಇದರಿಂದ ರೋಜರ್ಸ್ ಅವರ ಮನೆಭೇಟಿಯ ಪದ್ಧತಿಯನ್ನೂ ಮರುಪರಿಶೀಲಿಸಬೇಕಾಗಿದೆ. ಅಪರಿಚಿತರು ಬಾಗಿಲು ತಟ್ಟುವುದೇ ಭಯಕ್ಕೆ ಕಾರಣವಾಗುವ ಮನೆಗೆ ಹೋಗುವ ಮುನ್ನ ಪರಿಚಿತರ ಮೂಲಕ ತಿಳಿಸುವುದು ಯುಕ್ತ. ಚಿಕಿತ್ಸೆಗೆ ಬೇಕಿಲ್ಲದ ಪೌರತ್ವದ ವಿವರವನ್ನು ಕೇಳದಿರುವುದೂ ಬರೆದಿಡದಿರುವುದೂ ಅಷ್ಟೇ ಮುಖ್ಯ. ನಂಬಿಕೆ ಮುರಿದರೆ ಮಗು ಮತ್ತೆ ಆ ಕೊಠಡಿಗೆ ಬಾರದು. ಆಗ ಅದರ ನೋವನ್ನು ಅರಿಯುವ ದಾರಿಯೇ ಮುಚ್ಚಿಹೋಗುತ್ತದೆ.