ಬೆಂಗಳೂರಿನ ಸಂಗೀತ ಬಾನುಲಿ ಮತ್ತು ಅದರ ಪ್ರತಿಸ್ಪರ್ಧಿಗಳು

ಸ್ಪರ್ಧಿಗಳು ಹೆಚ್ಚಿದಂತೆ ಸಂಗೀತದ ಬಗೆಗಳೂ ಹೆಚ್ಚುವುವೆಂಬುದು ಸಾಮಾನ್ಯವಾದ ನಂಬಿಕೆ. ಬೆಂಗಳೂರಿನ ಬಾನುಲಿಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ನಂಬಿಕೆ ಪೂರ್ಣವಾಗಿ ನಿಲ್ಲಲಾರದು.

ನಮ್ಮ ನಾಡಿನಲ್ಲಿ ಬಾನುಲಿ ಮೊದಲಾದುದು ಖಾಸಗಿ ಪ್ರಯತ್ನದಿಂದಲೇ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರವನ್ನು ಆರಂಭಿಸಿದರು. ಅಲ್ಲಿ ಲಾಭದ ದೃಷ್ಟಿಯಿರಲಿಲ್ಲ. ‘ಆಕಾಶವಾಣಿ’ಯೆಂದು ಹೆಸರಾದ ಆ ನಿಲಯವು 1950ರಲ್ಲಿ ಆಲ್ ಇಂಡಿಯಾ ರೇಡಿಯೋವಿನಲ್ಲಿ ಸೇರಿತು. ಖಾಸಗಿಯವರಿಗೆ ಮತ್ತೆ ಅವಕಾಶ ದೊರೆತಾಗ, ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವಾದ ‘ರೇಡಿಯೋ ಸಿಟಿ’ 2001ರ ಜುಲೈ 3ರಂದು ಬೆಂಗಳೂರಿನಲ್ಲಿಯೇ ಹೊರಟಿತು.

ಸರ್ಕಾರಕ್ಕೆ ಸಲ್ಲಬೇಕಾದ ಶುಲ್ಕವು ವರ್ಷವರ್ಷವೂ ಏರುತ್ತಿದ್ದುದರಿಂದ ಈ ಉದ್ಯಮ ಮೊದಲು ವಿಸ್ತರಿಸಲಿಲ್ಲ. 2005ರ ನೀತಿಯು ವಾರ್ಷಿಕ ಶುಲ್ಕವನ್ನು ವರಮಾನದ ನೂರಕ್ಕೆ 4ರಂತೆ ಗೊತ್ತುಮಾಡಿತು. 2006ರಿಂದೀಚೆಗೆ ‘ಬಿಗ್’, ‘ಮಿರ್ಚಿ’ ಮೊದಲಾದ ನಿಲಯಗಳು ಕಣಕ್ಕಿಳಿದುವು. ಅಲ್ಲಿಯವರೆಗೆ ಹಿಂದಿ, ಇಂಗ್ಲಿಷ್ ಹಾಡುಗಳೇ ಪ್ರಧಾನವಾಗಿದ್ದ ಖಾಸಗಿ ಪ್ರಸಾರದಲ್ಲಿ ಕನ್ನಡಕ್ಕೆ ಹೆಚ್ಚಿನ ಸ್ಥಾನ ದೊರೆತುದು ಈ ಸ್ಪರ್ಧೆಯ ಫಲವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಆ ನೀತಿಯು ಖಾಸಗಿ ನಿಲಯಗಳಿಗೆ ವಾರ್ತಾಪ್ರಸಾರದ ಅನುಮತಿಯನ್ನು ಕೊಡಲಿಲ್ಲ. ಹಾಡೇ ಅವುಗಳ ಮುಖ್ಯ ಸರಕು, ಜಾಹೀರಾತೇ ಆದಾಯ. ಹೀಗಿರುವಲ್ಲಿ ಅಧಿಕಸಂಖ್ಯೆಯ ಕೇಳುಗರನ್ನು ಬಯಸಿ ಹಲವು ನಿಲಯಗಳು ಅವವೇ ಹೊಸ ಚಿತ್ರಗೀತೆಗಳನ್ನು ಆಶ್ರಯಿಸಿದುದು ಸಹಜವೇ ಸರಿ. ‘ಇಂಡಿಗೋ’ ಪಾಶ್ಚಾತ್ಯ ಸಂಗೀತವನ್ನು ಆರಿಸಿಕೊಂಡಿತು. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ‘ಅಮೃತವರ್ಷಿಣಿ’ ವಾಹಿನಿಯನ್ನು ಹೊರಡಿಸಿದುದು ಮಾತ್ರ ಜಾಹೀರಾತೊಂದನ್ನೇ ನಂಬಿರದ ಆಕಾಶವಾಣಿ.

ಹೀಗೆ ಸ್ಪರ್ಧೆಯಿಂದ ಕನ್ನಡಕ್ಕೆ ಎಡೆ ದೊರೆಯಿತಾದರೂ, ಅಲ್ಪಸಂಖ್ಯೆಯ ಕೇಳುಗರುಳ್ಳ ಸಂಗೀತಕ್ಕೆ ಲಾಭಾಪೇಕ್ಷೆಯಿಲ್ಲದ ಪೋಷಣೆಯೇ ಆಧಾರವೆಂದು ತೋರುತ್ತದೆ.