ಸವಣೂರಿನ ದೊಡ್ಡಹುಣಸೆಯೂ ಕಿಟಕಿಯ ಲೋಳೆಸರವೂ

ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕಾ ಮೂಲದ ದೊಡ್ಡಹುಣಸೆಯೆಂಬ ಬೃಹದ್ವೃಕ್ಷಗಳ ಉಬ್ಬಿದ ಕಾಂಡವನ್ನು ಅಂಗೈಯಿಂದ ಮುಟ್ಟಿ ನೋಡಿದವರಿಗೆ, ಮಳೆಗಾಲದ ನೀರನ್ನು ಒಡಲಲ್ಲಿ ಸಂಗ್ರಹಿಸಿ ಬರಗಾಲವನ್ನು ಎದುರಿಸುವ ಆ ಜೀವನಕ್ರಮವೇ ನಮ್ಮ ಕಿಟಕಿಯ ಗೇಣುದ್ದದ ಲೋಳೆಸರದಲ್ಲಿಯೂ ಕಾಡುಬಸಳೆಯಲ್ಲಿಯೂ ಸಂಕ್ಷಿಪ್ತವಾಗಿ ನಡೆದಿರುವುದೆಂಬುದು ಮನದಟ್ಟಾಗದೆ ಇರದು.

ಈ ಪುಟ್ಟ ರಸಭರಿತ ಸಸ್ಯಗಳು ಹಗಲಿನ ತಾಪದಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು ಇರುಳಿನಲ್ಲಿ ತೆರೆಯುವುದರಿಂದ ಒಡಲ ನೀರು ಹೆಚ್ಚು ಆವಿಯಾಗದು. ಆದುದರಿಂದ, ಅತಿಪ್ರೀತಿಯಿಂದ ದಿನವೂ ತಂಬಿಗೆ ಬಗ್ಗಿಸುವ ಕೈಯೇ ಇವುಗಳ ಬೇರನ್ನು ಕೊಳೆಯಿಸುವುದು. ನೀರು ಹಿಡಿದಿಡುವ ಎರೆಮಣ್ಣು ಬೇಡ. ಕೆಂಪುಮಣ್ಣಿಗೆ ಸಮಪಾಲು ದಪ್ಪ ಮರಳು ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಟ್ಟು, ಮೂಡಣ ಕಿಟಕಿಯ ಬೆಳಕಿಗಿಡಿರಿ. ಬೆರಳೂರಿ, ಮಣ್ಣು ಪೂರ್ಣ ಒಣಗಿದ್ದರೆ ಮಾತ್ರ ನೀರೆರೆಯಿರಿ. ಹಾನಗಲ್ಲಿನ ಜಡಿಮಳೆಯ ಆಷಾಢದಲ್ಲಿ ಅದೂ ಅಪರೂಪ.

ಕಾಡುಬಸಳೆಯ ಒಂದೆಲೆಯನ್ನು ಒದ್ದೆ ಮರಳಿನ ಮೇಲೆ ಮಲಗಿಸಿರಿ. ಅಗೋ, ಅಂಚಿನ ಕಚ್ಚುಗಳಲ್ಲಿ ಸಾಸಿವೆಗಾತ್ರದ ಸಸಿಗಳು ಬಿಳಿಯ ಬೇರನ್ನು ಇಳಿಬಿಡುತ್ತಲಿವೆ.