ಮೈನಸ್ ಲಾಗ್ ಬೇರೆ, ಮೈನಸ್ ಸಂಖ್ಯೆಯ ಲಾಗ್ ಬೇರೆ

ತಪ್ಪು ಕಲ್ಪನೆ: ಲಾಗ್ ಲೆಕ್ಕದಲ್ಲಿ ಮೈನಸ್ ಬಂದರೆ ಉತ್ತರವೇ ಇಲ್ಲ

ಈ ಅರೆಬರೆ ನಿಯಮ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತದೆ. 2 ಆಧಾರವಾಗಿದ್ದಾಗ 1/8ರ ಲಾಗ್ ಎಷ್ಟು ಎಂದು ಕೇಳಿ ನೋಡಿ. −3 ಎಂದು ಸರಿಯಾಗಿ ಬರೆದವರೂ ಅದನ್ನು ನೋಡಿ ಗಾಬರಿಯಾಗಿ ಹೊಡೆದುಹಾಕುತ್ತಾರೆ.

ಲಾಗ್ ಕೇಳುವುದು ಒಂದೇ ಪ್ರಶ್ನೆ: ಆಧಾರಕ್ಕೆ ಯಾವ ಘಾತ ಹಾಕಿದರೆ ಈ ಸಂಖ್ಯೆ ಸಿಗುತ್ತದೆ? ಉತ್ತರವಾಗಿ ಬರುವುದು ಘಾತ. ಅದು ಪ್ಲಸ್ ಆಗಬಹುದು, ಸೊನ್ನೆಯಾಗಬಹುದು, ಮೈನಸ್ಸೂ ಆಗಬಹುದು. ಲಾಗ್ ಇಲ್ಲದಿರುವುದು −8ರಂಥ ಸಂಖ್ಯೆಗೆ ಮತ್ತು ಸೊನ್ನೆಗೆ. 2ಕ್ಕೆ ಯಾವ ವಾಸ್ತವ ಸಂಖ್ಯೆಯನ್ನು ಘಾತವಾಗಿ ಹಾಕಿದರೂ −8 ಬರುವುದಿಲ್ಲ. ಹೀಗಾಗಿ −ಲಾಗ್ 2 ಎಂದರೆ ಲಾಗ್ (1/2), ಅದಕ್ಕೆ ಬೆಲೆ ಇದೆ. ಲಾಗ್ (−2) ಒತ್ತಿದರೆ ಸಾಮಾನ್ಯ ಕ್ಯಾಲ್ಕುಲೇಟರ್ 'ಎರರ್' ಅನ್ನುತ್ತದೆ.

ಇಲ್ಲಿ ತಲೆಕೆಡಿಸಿಕೊಂಡವರು ವಿದ್ಯಾರ್ಥಿಗಳು ಮಾತ್ರ ಅಲ್ಲ. 1712–13ರಲ್ಲಿ ಗಣಿತಜ್ಞರಾದ ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ ಇದೇ ವಿಷಯಕ್ಕೆ ಪತ್ರಗಳಲ್ಲಿ ಜಗಳವಾಡಿದ್ದರು. −1ರ ಲಾಗ್ ಕೂಡ 1ರ ಲಾಗ್‌ನಂತೆ ಸೊನ್ನೆಯೇ ಎಂಬುದು ಬರ್ನೂಲಿಯ ಪಟ್ಟು. ಲೈಬ್ನಿಟ್ಸ್ ಒಪ್ಪಲಿಲ್ಲ. 1749ರಲ್ಲಿ ಆಯ್ಲರ್ ಸಂಮಿಶ್ರ ಸಂಖ್ಯೆಗಳ ಮೂಲಕ ವ್ಯಾಜ್ಯ ಬಗೆಹರಿಸಿದ. ಪಿಯುಸಿ ಲೆಕ್ಕಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ತಪ್ಪು ಕಲ್ಪನೆ: 2⁻³ ಅಂದರೆ −8

ಮೊದಲ ತಪ್ಪಿನ ಬೇರು ಇರುವುದೇ ಇಲ್ಲಿ. ಘಾತದಲ್ಲಿರುವ ಮೈನಸ್ಸನ್ನು ಕೆಳಗಿಳಿಸಿ ಸಂಖ್ಯೆಗೆ ಅಂಟಿಸುವ ಚಾಳಿ. 8, 4, 2, 1 ಎಂದು ಅರ್ಧ ಮಾಡುತ್ತ ಬನ್ನಿ, ಘಾತ 3, 2, 1, 0 ಎಂದು ಇಳಿಯುತ್ತದೆ. ನಿಲ್ಲಿಸದೆ ಇನ್ನೂ ಅರ್ಧ ಮಾಡಿದರೆ 1/2, 1/4, 1/8. ಘಾತ −1, −2, −3. ಎಷ್ಟು ಕೆಳಗಿಳಿದರೂ ಸಂಖ್ಯೆ ಸೊನ್ನೆಯ ಆಚೆಗೆ ಹೋಗುವುದೇ ಇಲ್ಲ. ಅದು ದಾಟಿದ್ದು 1ನ್ನು ಮಾತ್ರ.

ಅರ್ಧ ಮಾಡುತ್ತ ಎಣಿಸುವ ಈ ವಿದ್ಯೆ ನಮ್ಮಲ್ಲಿ ಹಳೆಯದು. ಜೈನ ವಿದ್ವಾಂಸ ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಇದಕ್ಕೆ 'ಅರ್ಧಚ್ಛೇದ' ಎಂಬ ಹೆಸರಿದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು. 8ರ ಅರ್ಧಚ್ಛೇದ 3, 32ರದು 5. ಇಂದಿನ ಮಾತಿನಲ್ಲಿ 2 ಆಧಾರದ ಲಾಗ್. ಆ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಟ್ಟಲೆ ಉಳಿದದ್ದು ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಆಚಾರ್ಯರು ಋಣ ಘಾತವನ್ನೂ ಕಂಡಿದ್ದರು ಎಂದು ಬೆನ್ನು ತಟ್ಟಿಕೊಳ್ಳುವುದು ಬೇಡ. ಎಣಿಕೆಯ ದಿಕ್ಕನ್ನು ತಿರುಗಿಸುತ್ತಿರುವುದು ನಾವು: 1/8 ಅನ್ನು 1ಕ್ಕೆ ತರಲು ಮೂರು ಸಲ ಇಮ್ಮಡಿಸಬೇಕು, ಹಾಗಾಗಿ −3.

ತಪ್ಪು ಕಲ್ಪನೆ: 1/8 ಎಂಬುದು 4ರ ಘಾತವಲ್ಲ, ಆದ್ದರಿಂದ ಬಿಡಿಸಲಾಗದು

4 ಆಧಾರವಾಗಿದ್ದಾಗ 1/8ರ ಲಾಗ್ ಬೇಕಿದ್ದರೆ ಎರಡನ್ನೂ 2ರ ಘಾತವಾಗಿ ಬರೆಯಿರಿ. 4 ಎಂದರೆ 2², 1/8 ಎಂದರೆ 2⁻³. ಬೇಕಾದ ಘಾತದ ಎರಡರಷ್ಟು −3, ಉತ್ತರ −3/2. ಪ್ರಶ್ನೆಯಲ್ಲಿ 0.125 ಎಂದು ಕೊಟ್ಟಿದ್ದರೆ ಮೊದಲು ಅದನ್ನು ಭಿನ್ನರಾಶಿ ಮಾಡಿಕೊಳ್ಳಿ, ಅಷ್ಟೇ.

ತಪ್ಪು ಕಲ್ಪನೆ: 'ಬಾರ್ 2 ಪಾಯಿಂಟ್ 6990' ಅಂದರೆ −2.6990

ಅಂಕ ಕಳೆಯುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಲಾಗ್ ಟೇಬಲ್ಲಿನಲ್ಲಿ 0.05 ಎಂದು ಹುಡುಕಿದರೆ ಸಿಗದು. ಸಿಗುವುದು 50ರ ಸಾಲಿನ 6990. 0.05 ಎಂದರೆ 5 × 10⁻², ಆದ್ದರಿಂದ ಲಾಗ್ = −2 + 0.6990. ಟೇಬಲ್ಲಿನ ಅದೇ ಒಂದು ನಮೂದು 5ಕ್ಕೂ 500ಕ್ಕೂ 0.05ಕ್ಕೂ ಸಲ್ಲಬೇಕಾದರೆ ಮ್ಯಾಂಟಿಸಾ, ಅಂದರೆ ಬಿಂದುವಿನ ಬಲಗಡೆಯ ಭಾಗ, ಪ್ಲಸ್ ಆಗಿಯೇ ಉಳಿಯಬೇಕು. ಅದಕ್ಕೇ ಮೈನಸ್ಸನ್ನು ಮುಂದೆ ಹಾಕದೆ 2ರ ತಲೆಯ ಮೇಲೆ ಗೆರೆ ಎಳೆದು 2̄.6990 ಎಂದು ಬರೆಯುವುದು. ಕ್ಯಾಲ್ಕುಲೇಟರ್ ತೋರಿಸುವ −1.3010 ಇದೇ ಸಂಖ್ಯೆ. −2.6990 ಎಂದು ಓದಿಬಿಟ್ಟರೆ ಆಂಟಿಲಾಗ್ 0.002 ಬರುತ್ತದೆ, ಇಪ್ಪತ್ತೈದು ಪಟ್ಟು ಕಡಿಮೆ!

ಘನಮೂಲ ತೆಗೆಯುವಾಗ ಇನ್ನೂ ಮಜಾ. 2̄.6990 ಅನ್ನು 3ರಿಂದ ಭಾಗಿಸಬೇಕು, −2 ಮೂರರಲ್ಲಿ ಹೋಗದು. ಒಂದು ಸಾಲ ತಂದು −3 + 1.6990 ಎಂದು ಬರೆದರೆ ಭಾಗಲಬ್ಧ −1 + 0.5663, ಅಂದರೆ 1̄.5663. ಆಂಟಿಲಾಗ್ 0.3684. ಈ 'ಸಾಲ' ಯಾಕೆ ಎಂದು ಹೇಳದೆ ಬರೀ ವಿಧಾನ ಉರುಹೊಡೆಸಿದರೆ ಮಕ್ಕಳು ತಪ್ಪದೆ ಇನ್ನೇನು ಮಾಡಿಯಾರು?

ತಪ್ಪು ಕಲ್ಪನೆ: 1ಕ್ಕಿಂತ ಚಿಕ್ಕ ಸಂಖ್ಯೆಯ ಲಾಗ್ ಯಾವಾಗಲೂ ಮೈನಸ್

ಆಧಾರ 1ಕ್ಕಿಂತ ದೊಡ್ಡದಿದ್ದರೆ ಮಾತ್ರ ಈ ಮಾತು ನಿಜ. ಆಧಾರವೇ 1/2 ಆದರೆ 1/8ರ ಲಾಗ್ 3, 8ರ ಲಾಗ್ −3. ಆಧಾರ ಮತ್ತು ಸಂಖ್ಯೆ 1ರ ಒಂದೇ ಮಗ್ಗುಲಲ್ಲಿದ್ದರೆ ಪ್ಲಸ್, ಬೇರೆ ಬೇರೆ ಮಗ್ಗುಲಲ್ಲಿದ್ದರೆ ಮೈನಸ್.

ತಪ್ಪು ಕಲ್ಪನೆ: ಮೈನಸ್ ತೀವ್ರತೆಯ ಭೂಕಂಪ ಇರಲಾರದು

ಭೂಕಂಪದ ತೀವ್ರತೆಯೂ 10 ಆಧಾರದ ಲಾಗ್ ಲೆಕ್ಕವೇ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ತನ್ನ ಮಾಪನದ ಸೊನ್ನೆಯನ್ನು ಹೀಗೆ ಗೊತ್ತುಮಾಡಿದ: ಭೂಕಂಪ ಕೇಂದ್ರದಿಂದ 100 ಕಿ.ಮೀ. ದೂರದ ವುಡ್–ಆಂಡರ್ಸನ್ ಉಪಕರಣದಲ್ಲಿ ಗೆರೆ 0.001 ಮಿ.ಮೀ. ಸರಿದರೆ ತೀವ್ರತೆ 0. ಅಂದಿನ ಉಪಕರಣಗಳಿಗೆ ಅದಕ್ಕಿಂತ ಚಿಕ್ಕದು ಸಿಕ್ಕುವುದು ಕಷ್ಟವಿತ್ತು, ಮೈನಸ್ಸಿನ ಗೋಜು ಬಾರದಿರಲೆಂದೇ ಅಷ್ಟು ಕೆಳಗೆ ಗುರುತು ಹಾಕಿದ್ದ. ಆಮೇಲೆ ಉಪಕರಣಗಳು ಸೂಕ್ಷ್ಮವಾದವು. ಗೆರೆ 0.0001 ಮಿ.ಮೀ. ಸರಿಯುವಷ್ಟು ಕಂಪನ ರಿಕ್ಟರನ ಗುರುತಿನ ಹತ್ತನೇ ಒಂದು ಪಾಲು, ಅಂದರೆ 10⁻¹, ತೀವ್ರತೆ −1. ನೆಲ ಅಲುಗಿದ್ದಂತೂ ಹೌದು, ನಮಗೆ ಗೊತ್ತಾಗಲಿಲ್ಲ ಅಷ್ಟೇ.